ಪರದೆಯೋ, ಕ್ರೀಮೋ, ಮಾತ್ರೆಯೋ? ಮಲೇರಿಯಾ ತಡೆಗೆ ಯಾವುದನ್ನು ನಂಬಬೇಕು

ಪರದೆ ಕಟ್ಟಿದರೆ ಸೆಕೆ, ಬತ್ತಿ ಹಚ್ಚಿದರೆ ಕೆಮ್ಮು, ಕ್ರೀಮ್ ಹಚ್ಚಿಕೊಂಡರೆ ಮೈಯೆಲ್ಲ ಅಂಟಂಟು. ಇದರಲ್ಲಿ ಯಾವುದಾದರೂ ಒಂದನ್ನು ಹೇಳಿಬಿಡಿ ಎಂದು ಕೇಳುವವರೇ ಹೆಚ್ಚು. ಮಲೇರಿಯಾ ಇರುವ ಕಡೆಗೆ ಹೊರಟು ನಿಂತವರ ಪ್ರಶ್ನೆ ಇನ್ನೊಂದು ಬಗೆಯದು: ಮಾತ್ರೆ ನುಂಗುತ್ತಿದ್ದೇನಲ್ಲ, ಮತ್ತೆ ಈ ಪರದೆ, ಕ್ರೀಮಿನ ರಗಳೆ ಯಾಕೆ?

ಹಾಸಿಗೆಯ ಮಟ್ಟಿಗೆ ನನ್ನ ಉತ್ತರ ಒಂದೇ: ಕೀಟನಾಶಕ ಲೇಪಿಸಿದ ಪರದೆ. ಆದರೆ ಯಾರೂ ಸೂರ್ಯ ಮುಳುಗುತ್ತಿದ್ದಂತೆ ಹಾಸಿಗೆ ಸೇರುವುದಿಲ್ಲ. ಸಂಜೆಯಿಂದ ಮಲಗುವವರೆಗಿನ ಆ ಮೂರು ನಾಲ್ಕು ಗಂಟೆಗೆ ಏನು ಮಾಡಬೇಕು, ಅದರ ಮೇಲೆ ಮಾತ್ರೆಯೂ ಬೇಕೇ ಎಂಬುದನ್ನು ಮಾತ್ರ ಅವರವರ ವಯಸ್ಸು, ಮನೆ, ಜೇಬು ನೋಡಿ ತೀರ್ಮಾನಿಸಬೇಕು. ಅದಕ್ಕೇ ಈ ಬರಹ.

ಮೊದಲು ಸೊಳ್ಳೆಯ ಹೊತ್ತು ತಿಳಿಯಿರಿ

ಮಲೇರಿಯಾ ಹರಡುವುದು ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆ. ಇದು ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಡೆಂಗಿ, ಚಿಕೂನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಹಗಲಿನದು; ಬೆಳಗ್ಗೆ ಮತ್ತು ಕತ್ತಲಾಗುವ ಮುಂಚಿನ ಹೊತ್ತಿನಲ್ಲಿ ಅದರ ಕಾಟ ಜಾಸ್ತಿ. ನಿಮ್ಮ ಸುತ್ತ ಇರುವ ಭಯ ಡೆಂಗಿಯದಾದರೆ ರಾತ್ರಿಯ ಪರದೆ ಅರ್ಧ ಕೆಲಸವನ್ನೂ ಮಾಡದು. ಮಲೇರಿಯಾದ್ದಾದರೆ ಅದೇ ಮೊದಲ ಕಾವಲು. ಅಂಗಡಿಯಲ್ಲಿ ಎಲ್ಲವನ್ನೂ ‘ಸೊಳ್ಳೆಗೆ’ ಎಂದು ಒಂದೇ ಹೆಸರಿನಲ್ಲಿ ಮಾರುವುದರಿಂದ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ.

ಗೋಡೆಯ ಮೇಲೆ ಕೂತ ಸೊಳ್ಳೆಯನ್ನು ಹೊಡೆಯುವ ಮುಂಚೆ ಒಂದು ಕ್ಷಣ ನೋಡಿ. ಅನಾಫಿಲಿಸ್ ತಲೆ ತಗ್ಗಿಸಿ, ಹಿಂಭಾಗವನ್ನು ಮೇಲೆತ್ತಿ ಓರೆಯಾಗಿ ಕೂರುತ್ತದೆ. ಉಳಿದವು ಗೋಡೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಗೂನು ಬೆನ್ನಿನಲ್ಲಿ ಕೂರುತ್ತವೆ. ನೀರಿನಲ್ಲಿರುವ ಮರಿಹುಳುಗಳಲ್ಲಿ ಇದು ತಿರುವುಮುರುವು: ಅನಾಫಿಲಿಸ್ ಹುಳು ನೀರಿನ ಮೇಲ್ಮೈಗೆ ಒತ್ತಿಕೊಂಡು ಉದ್ದಕ್ಕೆ ಮಲಗಿರುತ್ತದೆ, ಈಡಿಸ್, ಕ್ಯೂಲೆಕ್ಸ್ ಹುಳುಗಳು ಬಾಲದ ತುದಿಯ ಕೊಳವೆಯನ್ನು ಮೇಲಕ್ಕೆ ತಾಗಿಸಿ ತಲೆಕೆಳಗಾಗಿ ಜೋತಾಡುತ್ತಿರುತ್ತವೆ. ಇದರಿಂದ ರೋಗ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಆದರೆ ನೀವು ಯಾವ ಹೊತ್ತಿನ ಸೊಳ್ಳೆಯ ಜೊತೆ ಬದುಕುತ್ತಿದ್ದೀರಿ ಎಂಬುದು ಗೊತ್ತಾಗುತ್ತದೆ.

ಯಾವುದನ್ನು ಕೊಳ್ಳುವಾಗಲೂ ಕೇಳಿಕೊಳ್ಳಬೇಕಾದ್ದು

ಒಂದು, ಇದು ಯಾವ ಹೊತ್ತನ್ನು ಕಾಯುತ್ತದೆ ಮತ್ತು ಎಷ್ಟು ಗಂಟೆ. ಎರಡು, ನಾನು ಮರೆತರೂ, ನಿದ್ದೆ ಹೋದರೂ, ಕರೆಂಟ್ ಹೋದರೂ ಇದು ಕೆಲಸ ಮಾಡುತ್ತದೆಯೇ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಭಾರದ ಪ್ರಶ್ನೆ ಇದೇ, ಯಾಕೆಂದರೆ ಮಲೇರಿಯಾ ತಗುಲಲು ಒಂದು ಕಡಿತ ಸಾಕು. ಮೂರು, ಮನೆಯಲ್ಲಿ ಯಾರಿದ್ದಾರೆ: ಹಸುಗೂಸು, ಬಸುರಿ, ಉಬ್ಬಸದವರು, ಬೆಕ್ಕು, ಮೀನಿನ ತೊಟ್ಟಿ. ನಾಲ್ಕು, ದುಡ್ಡು ಒಮ್ಮೆ ಹೋಗುವುದೋ, ತಿಂಗಳು ತಿಂಗಳೂ ಹೋಗುತ್ತಲೇ ಇರುವುದೋ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಇದು ಸೊಳ್ಳೆಯನ್ನು ಓಡಿಸುತ್ತದೋ, ಕೊಲ್ಲುತ್ತದೋ? ಓಡಿಸಿದ ಸೊಳ್ಳೆ ಹಸಿದೇ ಇರುತ್ತದೆ, ಪಕ್ಕದಲ್ಲಿ ಏನೂ ಹಚ್ಚಿಕೊಳ್ಳದೆ ಕೂತವರ ಬಳಿ ಹೋಗುತ್ತದೆ. ಮನೆಯಲ್ಲಿ ಒಬ್ಬರೇ ಕ್ರೀಮ್ ಹಚ್ಚಿಕೊಂಡರೆ ಉಳಿದವರ ಪಾಡು ಕೆಡಬಹುದು ಎಂಬುದು ನೆನಪಿರಲಿ.

ಪರದೆ: ಬರಿಯದು ಮತ್ತು ಲೇಪಿಸಿದ್ದು

ಬರಿಯ ಪರದೆ ಅಡ್ಡಗೋಡೆ, ಅಷ್ಟೇ. ನಿದ್ದೆಯಲ್ಲಿ ಮೊಣಕೈ ಬಟ್ಟೆಗೆ ತಾಗಿದರೆ ಸೊಳ್ಳೆ ಹೊರಗಿನಿಂದಲೇ ಚುಚ್ಚುತ್ತದೆ. ಬೆರಳು ತೂರುವಷ್ಟು ತೂತಾದರೆ ಸೊಳ್ಳೆ ಅದನ್ನು ಹುಡುಕಿಕೊಂಡು ಒಳಬರುತ್ತದೆ, ಆಮೇಲೆ ಪರದೆ ನಿಮ್ಮನ್ನಲ್ಲ, ಸೊಳ್ಳೆಯನ್ನು ಕಾಪಾಡಿದಂತೆ. ಲೇಪಿತ ಪರದೆಯ ನೂಲಿನಲ್ಲಿ ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್ ಅಥವಾ ಆಲ್ಫಾಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಕೀಟನಾಶಕ ಇರುತ್ತದೆ. ಅದರ ಮೇಲೆ ಕೂತು ದಾರಿ ಹುಡುಕುವ ಸೊಳ್ಳೆ ಅಲ್ಲೇ ಸುಸ್ತಾಗಿ ಬೀಳುತ್ತದೆ. ಹೀಗಾಗಿ ಒಂದೆರಡು ಸಣ್ಣ ತೂತಿದ್ದರೂ ರಕ್ಷಣೆ ಪೂರ್ತಿ ಹೋಗುವುದಿಲ್ಲ. ಇಡೀ ಊರು ಬಳಸಿದರೆ ಸೊಳ್ಳೆಗಳ ಆಯಸ್ಸೇ ಕಡಿಮೆಯಾಗಿ, ಪರದೆ ಇಲ್ಲದ ನೆರೆಮನೆಗೂ ಒಂದಿಷ್ಟು ಲಾಭ.

ಇದು ಬರಿ ಮಾತಲ್ಲ. 2000ದಿಂದ 2015ರವರೆಗೆ ಆಫ್ರಿಕಾದಲ್ಲಿ ತಡೆಗಟ್ಟಲಾದ ಸುಮಾರು 66 ಕೋಟಿ ಮಲೇರಿಯಾ ಪ್ರಕರಣಗಳಲ್ಲಿ ಮೂರನೇ ಎರಡರಷ್ಟು ತಪ್ಪಿದ್ದು ಲೇಪಿತ ಪರದೆಗಳಿಂದ ಎಂಬ ಅಂದಾಜಿದೆ. ಉಳಿದ ಯಾವ ಸಾಧನಕ್ಕೂ ಇದರ ಹತ್ತಿರದ ದಾಖಲೆ ಇಲ್ಲ.

ಕೊಳ್ಳುವಾಗ ನೋಡಬೇಕಾದ್ದು ಕೆಲವಿವೆ. ದೀರ್ಘ ಬಾಳಿಕೆಯ ಲೇಪಿತ ಪರದೆ ಎಂದರೆ 20 ಒಗೆತ ಅಥವಾ 3 ವರ್ಷ ಬಳಕೆಯವರೆಗೆ ಔಷಧದ ಗುಣ ಉಳಿಯುವಂಥದ್ದು. ಲೇಬಲ್ಲಿನಲ್ಲಿ ಕೀಟನಾಶಕದ ಹೆಸರು ಮತ್ತು ಪ್ರಮಾಣ ಇಲ್ಲದಿದ್ದರೆ ಅದನ್ನು ಬರಿಯ ಪರದೆ ಎಂದೇ ತಿಳಿಯಿರಿ. ಪೈರೆಥ್ರಾಯ್ಡ್‌ಗೆ ಸೊಳ್ಳೆಗಳು ಒಗ್ಗಿಹೋಗಿರುವ ಪ್ರದೇಶಗಳು ಈಗ ಬಹಳ. ಅಲ್ಲಿಗೆ ಪಿಬಿಒ ಎಂಬ ಸಹಾಯಕ ರಾಸಾಯನಿಕ ಸೇರಿಸಿದ ಪರದೆ, ಅದಕ್ಕಿಂತ ಮೇಲಾಗಿ ಕ್ಲೋರ್‌ಫೆನಪೈರ್ ಎಂಬ ಎರಡನೆಯ ಕೀಟನಾಶಕ ಇರುವ ಪರದೆ ಬಂದಿದೆ. ಈ ಎರಡನೆಯದನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಶಿಫಾರಸು ಮಾಡಿತು. ಸಾಮಾನ್ಯ ಅಂಗಡಿಯಲ್ಲಿ ಇವು ಸಿಗುವುದು ಅಪರೂಪ, ಆರೋಗ್ಯ ಇಲಾಖೆ ಹಂಚಿದಾಗ ಬಿಡಬೇಡಿ.

ಆಕಾರದ ಪ್ರಶ್ನೆಯೂ ಸಣ್ಣದಲ್ಲ. ಚೌಕದ ಪರದೆಗೆ ನಾಲ್ಕು ಮೊಳೆ ಬೇಕು, ಆದರೆ ಒಳಗೆ ಜಾಗ ಧಾರಾಳ, ಮೈಗೆ ತಾಗುವುದು ಕಡಿಮೆ. ಛತ್ರಿಯಾಕಾರದ್ದಕ್ಕೆ ಒಂದೇ ಕೊಕ್ಕೆ ಸಾಕು, ಪ್ರಯಾಣಕ್ಕೆ ಅನುಕೂಲ, ಆದರೆ ಬದಿಗಳು ಇಳಿಜಾರಾಗಿ ಬರುವುದರಿಂದ ಇಬ್ಬರು ಮಲಗಿದರೆ ಅಂಚಿನವರ ಕೈಕಾಲು ಬಟ್ಟೆಗೆ ಒತ್ತುತ್ತದೆ. ಪಾಲಿಯೆಸ್ಟರ್ ಮೆತ್ತಗಿರುತ್ತದೆ, ಪಾಲಿಎಥಿಲೀನ್ ಒರಟು, ಆದರೆ ಗಟ್ಟಿ. ಎರಡರಲ್ಲಿ ಯಾವುದೇ ಆಗಲಿ, ಉದ್ದ ಸಾಲದ ಪರದೆ ಕೊಳ್ಳಬೇಡಿ. ಅಂಚನ್ನು ಹಾಸಿಗೆಯ ಅಡಿಗೆ ಸುತ್ತಲೂ ಸಿಕ್ಕಿಸಲು ಬರಲೇಬೇಕು. ನೆಲದ ಮೇಲೆ ಮಲಗುವವರಾದರೆ ಚಾಪೆಯ ಅಡಿಗೆ. ಜೋತಾಡುವ ಅಂಚು ಸೊಳ್ಳೆಗೆ ತೆರೆದ ಬಾಗಿಲು.

ಹೊಸ ಲೇಪಿತ ಪರದೆಯನ್ನು ಪೊಟ್ಟಣದಿಂದ ತೆಗೆದು ಒಂದು ದಿನ ನೆರಳಲ್ಲಿ ಗಾಳಿಗೆ ಹಾಕಿ, ಮೊದಲ ಘಾಟು ಹೋಗುತ್ತದೆ. ಕೊಳೆಯಾದಾಗ ಮಾತ್ರ ತಣ್ಣೀರಿನಲ್ಲಿ, ಮೆತ್ತನೆಯ ಸೋಪಿನಲ್ಲಿ ಒಗೆಯಿರಿ. ಬ್ಲೀಚ್ ಬೇಡ, ರಾತ್ರಿಯೆಲ್ಲ ನೆನೆಹಾಕುವುದು ಬೇಡ, ಬಂಡೆಗೆ ಕುಕ್ಕುವುದು ಬೇಡವೇ ಬೇಡ. ಒಣಹಾಕುವುದು ನೆರಳಿನಲ್ಲಿ, ಬಿಸಿಲು ಔಷಧವನ್ನು ತಿನ್ನುತ್ತದೆ. ಒಗೆದ ನೀರನ್ನು ಕೆರೆ, ಹಳ್ಳಕ್ಕೆ ಚೆಲ್ಲಬೇಡಿ, ಮೀನುಗಳಿಗೆ ಅದು ವಿಷ.

ಪರದೆಯ ಮೇಲಿನ ದೂರು ಸೆಕೆ. ಅದು ನಿಜವಾದ ದೂರೇ, ಗಾಳಿ ಕಡಿಮೆಯಾಗುತ್ತದೆ. ಹಾಸಿಗೆಯತ್ತ ಬೀಸುವ ಫ್ಯಾನ್ ಇಟ್ಟುಕೊಂಡರೆ ಎರಡು ಲಾಭ: ಸೆಕೆ ಇಳಿಯುತ್ತದೆ, ಬಿರುಸು ಗಾಳಿಯಲ್ಲಿ ಸೊಳ್ಳೆಗೆ ಹಾರಲೂ ಕಷ್ಟ. ಹಾಗೆಂದು ಫ್ಯಾನ್ ಒಂದನ್ನೇ ನಂಬಿ ಮಲಗಬೇಡಿ.

ಕಿಟಕಿ ಜಾಲರಿ

ಸ್ವಂತ ಮನೆಯಿದ್ದರೆ ನಾನು ಪರದೆಯ ನಂತರ ದುಡ್ಡು ಹಾಕುವುದು ಇಲ್ಲಿಗೆ. ಒಮ್ಮೆ ಖರ್ಚು, ವರ್ಷಗಟ್ಟಲೆ ನೆಮ್ಮದಿ, ಮನೆಯವರೆಲ್ಲರಿಗೂ ರಕ್ಷಣೆ, ಯಾರೂ ಏನನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ. ಆದರೆ ಎಲ್ಲ ಕಿಟಕಿಗೂ ಹಾಕಿಸಿ ಬಾಗಿಲಿನ ಕೆಳಸಂದು, ಬಚ್ಚಲಿನ ಗವಾಕ್ಷಿ, ಗೋಡೆಗೂ ಸೂರಿಗೂ ನಡುವಿನ ಖಾಲಿ ಜಾಗವನ್ನು ಹಾಗೇ ಬಿಟ್ಟರೆ ಹಾಕಿದ ದುಡ್ಡು ದಂಡ. ಬಾಡಿಗೆ ಮನೆಯವರಿಗೆ ಅಂಟುಪಟ್ಟಿಯ ಮೇಲೆ ಕೂರಿಸುವ ಜಾಲರಿ ಸಿಗುತ್ತದೆ. ಬಾಳಿಕೆ ಕಡಿಮೆ, ಹೋಗುವಾಗ ಕಿತ್ತುಕೊಂಡು ಹೋಗಬಹುದು.

ಹಚ್ಚಿಕೊಳ್ಳುವ ಔಷಧ

ಸಂಜೆಯ ಹೊತ್ತಿಗೆ, ಹೊರಗೆ ಕೂರುವವರಿಗೆ, ರಾತ್ರಿಪಾಳಿಯವರಿಗೆ ಇದಕ್ಕೆ ಸಾಟಿಯಾದ್ದು ಇನ್ನೊಂದಿಲ್ಲ. ಅಂಗಡಿಯಲ್ಲಿ ಹತ್ತಾರು ಬ್ರಾಂಡ್ ಇದ್ದರೂ ಒಳಗಿನ ಔಷಧ ಮುಖ್ಯವಾಗಿ ನಾಲ್ಕೇ. ಡಬ್ಬಿಯ ಮುಂಭಾಗದ ಎಲೆ, ಹೂವಿನ ಚಿತ್ರ ಬಿಟ್ಟು ಹಿಂಭಾಗದ ಸಣ್ಣಕ್ಷರ ಓದಿ.

ಡೀಟ್ ಎಲ್ಲಕ್ಕಿಂತ ಹಳೆಯದು, ಹೆಚ್ಚು ಪರೀಕ್ಷೆಗೊಳಗಾದದ್ದು. 1946ರಲ್ಲಿ ಅಮೆರಿಕದ ಸೇನೆ ತನ್ನ ಸೈನಿಕರಿಗಾಗಿ ತಯಾರಿಸಿಕೊಂಡಿತು, 1957ರಿಂದ ಜನಸಾಮಾನ್ಯರ ಕೈಗೆ ಬಂತು. ಇದರ ಶೇಕಡಾವಾರು ಪ್ರಮಾಣ ತೋರಿಸುವುದು ಬಲವನ್ನಲ್ಲ, ಎಷ್ಟು ಗಂಟೆ ಬಾಳುತ್ತದೆ ಎಂಬುದನ್ನು. ಶೇ. 10 ಇದ್ದರೆ ಸುಮಾರು ಎರಡು ಗಂಟೆ, ಶೇ. 30 ಇದ್ದರೆ ಐದಾರು ಗಂಟೆ. ಶೇ. 50 ದಾಟಿದ ಮೇಲೆ ಹೆಚ್ಚಿನ ಪ್ರಯೋಜನವಿಲ್ಲ, ಆ ಹೆಚ್ಚುವರಿ ದುಡ್ಡು ಉಳಿಸಿಕೊಳ್ಳಿ. ದೋಷವೆಂದರೆ ವಾಸನೆ, ಜಿಡ್ಡು. ಜೊತೆಗೆ ಕನ್ನಡಕದ ಪ್ಲಾಸ್ಟಿಕ್ ಚೌಕಟ್ಟು, ಗಡಿಯಾರದ ಪಟ್ಟಿ, ಕೆಲವು ಕೃತಕ ಬಟ್ಟೆಗಳನ್ನು ಇದು ಕರಗಿಸುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ಹಚ್ಚಬಾರದು.

ಪಿಕಾರಿಡಿನ್ ಅಥವಾ ಇಕಾರಿಡಿನ್ ಶೇ. 20 ಇದ್ದರೆ ಡೀಟ್‌ಗೆ ಹೆಗಲೆಣೆಯಾಗಿ ನಿಲ್ಲುತ್ತದೆ. ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಪ್ಲಾಸ್ಟಿಕ್‌ಗೆ ತೊಂದರೆಯಿಲ್ಲ. ಡೀಟ್‌ನ ಜಿಡ್ಡು ತಾಳದೆ ಹಚ್ಚುವುದನ್ನೇ ಬಿಟ್ಟವರಿಗೆ ನಾನು ಹೇಳುವುದು ಇದನ್ನೇ. ಹಚ್ಚಿಕೊಳ್ಳದ ಒಳ್ಳೆಯ ಔಷಧಕ್ಕಿಂತ ಹಚ್ಚಿಕೊಳ್ಳುವ ಔಷಧ ಮೇಲು.

ಐಆರ್3535 ಚರ್ಮಕ್ಕೆ ಸೌಮ್ಯ, ಆದರೆ ಅನಾಫಿಲಿಸ್ ವಿರುದ್ಧ ಮೊದಲೆರಡರಷ್ಟು ಹೊತ್ತು ನಿಲ್ಲುತ್ತದೆಂದು ಭರವಸೆ ಇಟ್ಟುಕೊಳ್ಳಲಾಗದು. ಪಿಎಂಡಿ ಎಂಬುದು ನಿಂಬೆವಾಸನೆಯ ನೀಲಗಿರಿಯಿಂದ ಬರುವ ಔಷಧ. ಗಿಡಮೂಲಿಕೆಯದೇ ಬೇಕು ಎನ್ನುವವರಿಗೆ ಪರೀಕ್ಷೆಯಲ್ಲಿ ಗೆದ್ದಿರುವುದು ಇದೊಂದೇ. ಮೂರು ವರ್ಷದೊಳಗಿನ ಮಕ್ಕಳಿಗೆ ಬೇಡ. ಅದೇ ಮರದ ಬರಿಯ ಸುಗಂಧ ತೈಲ ಬೇರೆ ವಸ್ತು, ಅದಕ್ಕೆ ಈ ಗುಣವಿಲ್ಲ. ಸಿಟ್ರೊನೆಲ್ಲಾ ಎಣ್ಣೆ ಒಂದೆರಡು ಗಂಟೆಯೊಳಗೆ ಆವಿಯಾಗಿ ಹೋಗುತ್ತದೆ. ಅಂಗಳದಲ್ಲಿ ಅರ್ಧ ಗಂಟೆ ಕೂರಲು ಆದೀತು, ಮಲೇರಿಯಾ ಇರುವ ಊರಿನಲ್ಲಿ ಇಡೀ ಸಂಜೆಗೆ ಆಗದು.

ಹಚ್ಚುವ ಕ್ರಮದಲ್ಲೇ ಅರ್ಧ ಫಲ ಇದೆ. ಎರಡು ಹನಿ ಕುತ್ತಿಗೆಗೆ ಸವರಿ ಮುಗಿಸಿದರೆ ಸೊಳ್ಳೆ ಕಣಕಾಲಿಗೆ ಕಚ್ಚುತ್ತದೆ. ಬಟ್ಟೆ ಮುಚ್ಚದ ಪ್ರತಿ ಇಂಚಿಗೂ ತಾಗಬೇಕು: ಪಾದದ ಮೇಲ್ಭಾಗ, ಹಿಮ್ಮಡಿಯ ಹಿಂದೆ, ಮೊಣಕೈ, ಕಿವಿಯ ಹಿಂಭಾಗ. ಮುಖಕ್ಕೆ ನೇರ ಸ್ಪ್ರೇ ಮಾಡದೆ ಅಂಗೈಗೆ ಹಾಕಿಕೊಂಡು ಸವರಿ. ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚುವುದಿದ್ದರೆ ಅದು ಮೊದಲು, ಸೊಳ್ಳೆಯದು ಆಮೇಲೆ. ಮಕ್ಕಳಿಗೆ ದೊಡ್ಡವರೇ ಹಚ್ಚಬೇಕು; ಅಂಗೈಗೆ, ಬೆರಳಿಗೆ ಬೇಡ, ಅದು ನೇರ ಬಾಯಿಗೋ ಕಣ್ಣಿಗೋ ಹೋಗುತ್ತದೆ. ಬೆವರಿದರೆ, ಸ್ನಾನ ಮಾಡಿದರೆ ಮತ್ತೆ ಹಚ್ಚಬೇಕು. ಪರದೆಯೊಳಗೆ ಮಲಗುವ ಮುಂಚೆ ತೊಳೆದುಕೊಂಡರಾಯಿತು.

ಬಟ್ಟೆ

ತುಂಬುತೋಳಿನ ಸಡಿಲ ಅಂಗಿ, ಉದ್ದ ಪ್ಯಾಂಟು, ಕಾಲುಚೀಲ. ಹೊಸದೇನನ್ನೂ ಕೊಳ್ಳಬೇಕಿಲ್ಲದ ಏಕೈಕ ರಕ್ಷಣೆ ಇದು. ಮೈಗೆ ಅಂಟಿಕೊಳ್ಳುವ ತೆಳು ಬಟ್ಟೆಯ ಮೂಲಕ ಸೊಳ್ಳೆ ಸುಲಭವಾಗಿ ಚುಚ್ಚುತ್ತದೆ, ಹಾಗಾಗಿ ಸಡಿಲವಾಗಿರುವುದು ಮುಖ್ಯ. ಕಾಡು, ಹೊಲ, ಕ್ಯಾಂಪುಗಳಲ್ಲಿ ರಾತ್ರಿ ಕಳೆಯುವವರು ಬಟ್ಟೆಗೆ ಶೇ. 0.5ರ ಪರ್ಮೆಥ್ರಿನ್ ಸಿಂಪಡಿಸಿಕೊಳ್ಳಬಹುದು. ಹಲವು ಒಗೆತಗಳವರೆಗೆ ಅದರ ಗುಣ ಇರುತ್ತದೆ. ಬಟ್ಟೆಗೆ ಮಾತ್ರ, ಚರ್ಮಕ್ಕಲ್ಲ. ಒಣಗುವವರೆಗೆ ಬೆಕ್ಕನ್ನು ಹತ್ತಿರ ಬಿಡಬೇಡಿ, ಪರ್ಮೆಥ್ರಿನ್ ಬೆಕ್ಕಿನ ಪ್ರಾಣಕ್ಕೇ ಕುತ್ತು.

ಬತ್ತಿ, ಲಿಕ್ವಿಡ್, ಸ್ಪ್ರೇ

ಹೆಚ್ಚಿನ ಮನೆಗಳು ನಂಬಿರುವುದು ಇವನ್ನೇ, ಹಾಗಾಗಿ ಸ್ವಲ್ಪ ಖಾರವಾಗಿಯೇ ಹೇಳಬೇಕು. ಸೊಳ್ಳೆ ಬತ್ತಿ ಅಗ್ಗ, ಕರೆಂಟ್ ಬೇಡ, ಏಳೆಂಟು ಗಂಟೆ ಉರಿಯುತ್ತದೆ. ಆದರೆ ಒಂದು ಬತ್ತಿ ಉರಿದಾಗ ಹೊರಬರುವ ಪಿಎಂ2.5 ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟು ಸುಟ್ಟಷ್ಟು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿತು. ಮುಚ್ಚಿದ ಕೋಣೆಯಲ್ಲಿ, ಕೂಸಿನ ತಲೆದಿಂಬಿನ ಬಳಿ ರಾತ್ರಿಯಿಡೀ ಬತ್ತಿ ಹಚ್ಚಿಡುವುದನ್ನು ನಾನು ಯಾರಿಗೂ ಹೇಳಲಾರೆ. ಅಂಗಳದಲ್ಲಿ, ಜಗಲಿಯಲ್ಲಿ ಸಂಜೆ ಒಂದೆರಡು ಗಂಟೆಗೆ, ಗಾಳಿ ಬರುವ ದಿಕ್ಕಿನಲ್ಲಿ ಇಟ್ಟುಕೊಳ್ಳುವುದಾದರೆ ಸರಿ.

ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಲಿಕ್ವಿಡ್‌ನಲ್ಲಿ ಟ್ರಾನ್ಸ್‌ಫ್ಲುಥ್ರಿನ್ ಅಥವಾ ಪ್ರಾಲೆಥ್ರಿನ್ ಇರುತ್ತದೆ. ಹೊಗೆಯಿಲ್ಲ, ಬತ್ತಿಗಿಂತ ಎಷ್ಟೋ ವಾಸಿ. ಸೊಳ್ಳೆ ಒಳಬರುವ ಹೊತ್ತಿಗೆ ಮುಂಚೆಯೇ, ಅಂದರೆ ಸಂಜೆಗತ್ತಲಿಗೆ ಸ್ವಿಚ್ ಹಾಕಬೇಕು. ಮಲಗುವಾಗ ಹಾಕಿದರೆ ತಡವಾಯಿತು. ದೊಡ್ಡ ಹಾಲ್, ಎಲ್ಲ ಕಿಟಕಿ ತೆರೆದ ಕೋಣೆಯಲ್ಲಿ ಇದರ ಆವಿ ಎಲ್ಲಿಗೂ ಸಾಲುವುದಿಲ್ಲ. ಕಿಟಕಿ ಎಲ್ಲ ಬಿಗಿದರೆ ಅದೇ ಆವಿಯನ್ನು ನೀವು ರಾತ್ರಿಯೆಲ್ಲ ಉಸಿರಾಡುತ್ತೀರಿ. ಕರೆಂಟ್ ಹೋದರೆ ಕಾವಲೂ ಹೋಯಿತು, ರೀಫಿಲ್ ಮುಗಿದದ್ದು ಗಮನಕ್ಕೆ ಬಾರದಿದ್ದರೂ ಅಷ್ಟೇ. ಉಬ್ಬಸದವರು ಇದ್ದಲ್ಲಿ, ಮೀನಿನ ತೊಟ್ಟಿ ಇದ್ದಲ್ಲಿ ಬೇಡ. ಪರದೆಗೆ ಜೊತೆಯಾಗಿ ಇದನ್ನು ಇಟ್ಟುಕೊಳ್ಳಬಹುದು, ಬದಲಿಗೆ ಅಲ್ಲ. ತಿಂಗಳು ತಿಂಗಳ ರೀಫಿಲ್ ಖರ್ಚನ್ನು ವರ್ಷಕ್ಕೆ ಕೂಡಿ ನೋಡಿದರೆ ಒಳ್ಳೆಯ ಪರದೆಯೊಂದು ಎಷ್ಟು ಅಗ್ಗ ಎಂಬುದು ತಾನಾಗಿ ತಿಳಿಯುತ್ತದೆ.

ಸ್ಪ್ರೇ ಡಬ್ಬಿ ಕೋಣೆಯಲ್ಲಿ ಆಗಲೇ ಇರುವ ಸೊಳ್ಳೆಯನ್ನು ಕೊಲ್ಲುತ್ತದೆ, ಮುಂದೆ ಬರುವುದನ್ನು ತಡೆಯುವುದಿಲ್ಲ. ಅಪರಿಚಿತ ಲಾಡ್ಜಿನ ಕೋಣೆ ಹೊಕ್ಕಾಗ ಮಂಚದಡಿ, ಕಿಟಕಿ ಬಟ್ಟೆಯ ಮಡಿಕೆಗೆ ಹೊಡೆದು ಅರ್ಧ ಗಂಟೆ ಬಾಗಿಲು ಮುಚ್ಚಿ ಹೊರಗಿರಲು ಒಳ್ಳೆಯದು. ಸೊಳ್ಳೆ ಬ್ಯಾಟ್‌ನ ಬಗ್ಗೆ ಹೇಳುವುದಾದರೆ, ಚಟಪಟ ಸದ್ದಿನ ಸುಖ ಬೇರೆ, ಪರದೆಯೊಳಗೆ ಸಿಕ್ಕಿಕೊಂಡ ಒಂದನ್ನು ಹೊಡೆಯಲು ಸಾಕು.

ದುಡ್ಡು ಹಾಕಬಾರದ್ದು

ಸೊಳ್ಳೆ ಓಡಿಸುವ ಸದ್ದು ಮಾಡುತ್ತದೆಂದು ಮಾರುವ ಅಲ್ಟ್ರಾಸಾನಿಕ್ ಯಂತ್ರ, ಅದೇ ಹೆಸರಿನ ಮೊಬೈಲ್ ಆ್ಯಪ್ ಎರಡೂ ನಿಷ್ಪ್ರಯೋಜಕ. ಹತ್ತು ಕ್ಷೇತ್ರ ಪ್ರಯೋಗಗಳನ್ನು ಒಟ್ಟಾಗಿ ನೋಡಿದ 2007ರ ಕಾಕ್ರನ್ ವಿಮರ್ಶೆಯಲ್ಲಿ ಆ ಯಂತ್ರ ಇದ್ದರೂ ಇಲ್ಲದಿದ್ದರೂ ಸೊಳ್ಳೆ ಇಳಿಯುವುದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಕೈಗೆ ಕಟ್ಟುವ ವಾಸನೆಯ ಪಟ್ಟಿ ಹೆಚ್ಚೆಂದರೆ ಮಣಿಕಟ್ಟನ್ನು ಕಾದೀತು. ಬೆಳ್ಳುಳ್ಳಿ ತಿನ್ನುವುದು, ಬಿ1 ವಿಟಮಿನ್ ಮಾತ್ರೆ ನುಂಗುವುದು ಸೊಳ್ಳೆಗೆ ಲೆಕ್ಕಕ್ಕಿಲ್ಲ. ನೀಲಿ ದೀಪದ ಯಂತ್ರದಲ್ಲಿ ಸುಟ್ಟು ಬೀಳುವುದರಲ್ಲಿ ಹೆಚ್ಚಿನವು ಕಚ್ಚದ ಬಡಪಾಯಿ ಹುಳುಗಳು.

ಮಾತ್ರೆ: ಯಾರಿಗೆ, ಯಾವುದು

ಮಲೇರಿಯಾ ಇರುವ ಊರಿನಲ್ಲೇ ಹುಟ್ಟಿ ಬೆಳೆದು ವರ್ಷವಿಡೀ ಬದುಕುವವರಿಗೆ ನಿತ್ಯ ತಡೆಮಾತ್ರೆ ಸಾಮಾನ್ಯವಾಗಿ ಹೇಳುವುದಿಲ್ಲ. ಇದು ಮುಖ್ಯವಾಗಿ ಹೊರಗಿನಿಂದ ಕೆಲ ದಿನ, ಕೆಲ ತಿಂಗಳ ಮಟ್ಟಿಗೆ ಹೋಗುವವರಿಗೆ. ಚಿಕ್ಕಂದಿನಲ್ಲಿ ಅಲ್ಲೇ ಇದ್ದು ಈಗ ದೂರದಲ್ಲಿ ನೆಲೆಸಿ ಊರಿಗೆ ಹೋಗುವವರೂ ಹೊರಗಿನವರೇ. ಹಳೆಯ ರೋಗನಿರೋಧ ಕೆಲ ವರ್ಷಗಳಲ್ಲಿ ಕರಗಿಹೋಗಿರುತ್ತದೆ, ‘ನಮಗೇನೂ ಆಗಲ್ಲ’ ಎಂಬ ಧೈರ್ಯ ಮಾತ್ರ ಉಳಿದಿರುತ್ತದೆ. ಎಲ್ಲ ಪ್ರದೇಶಕ್ಕೂ ಮಾತ್ರೆ ಬೇಕಿಲ್ಲ. ಅಪಾಯ ಕಡಿಮೆ ಇದ್ದಲ್ಲಿ ಕಡಿತ ತಪ್ಪಿಸಿಕೊಂಡರೆ ಸಾಕು. ಯಾವುದು ಎಂಬುದನ್ನು ವೈದ್ಯರೇ ಬರೆಯಬೇಕು, ಆದರೆ ಅವರೆದುರು ಕೂರುವ ಮುಂಚೆ ಇಷ್ಟು ಗೊತ್ತಿದ್ದರೆ ಮಾತು ಸಲೀಸು.

ಕೆಲವೇ ದಿನದ ಪ್ರಯಾಣ, ಕೊನೆ ಗಳಿಗೆಯ ಹೊರಡುವಿಕೆ ಎಂದಾದರೆ ಅಟೊವಾಕ್ವೋನ್-ಪ್ರೊಗ್ವಾನಿಲ್ ಅನುಕೂಲ. ಹೊರಡುವ ಒಂದೆರಡು ದಿನ ಮುಂಚೆ ಶುರು, ದಿನಕ್ಕೊಂದು, ಬಂದ ಮೇಲೆ ಏಳು ದಿನ ಮಾತ್ರ. ಊಟದ ಅಥವಾ ಹಾಲಿನ ಜೊತೆ ನುಂಗಬೇಕು. ಅಡ್ಡಪರಿಣಾಮ ಕಡಿಮೆ, ಬೆಲೆ ಹೆಚ್ಚು. ತಿಂಗಳುಗಟ್ಟಲೆ ಇರುವವರ ಜೇಬಿಗೆ ಭಾರ. ಬಸುರಿಯರಿಗೆ, ಮೂತ್ರಪಿಂಡದ ತೀವ್ರ ಕಾಯಿಲೆ ಇರುವವರಿಗೆ ಬರೆಯುವುದಿಲ್ಲ.

ಡಾಕ್ಸಿಸೈಕ್ಲಿನ್ ಅಗ್ಗ, ಎಲ್ಲೆಡೆ ಸಿಗುತ್ತದೆ. ಇದೂ ಒಂದೆರಡು ದಿನ ಮುಂಚೆ ಶುರು, ದಿನಕ್ಕೊಂದು. ಆದರೆ ಬಂದ ಮೇಲೆ ಪೂರ್ತಿ ನಾಲ್ಕು ವಾರ ಮುಂದುವರಿಸಬೇಕು, ಬಹಳ ಜನ ಕೈಬಿಡುವುದು ಅಲ್ಲೇ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ತುಂಬ ನೀರಿನ ಜೊತೆ ನುಂಗಿ ಸ್ವಲ್ಪ ಹೊತ್ತು ಮಲಗದೆ ಇರಬೇಕು, ಇಲ್ಲವಾದರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ. ಬಸುರಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಕೆಲವು ದೇಶಗಳಲ್ಲಿ ಈ ಗಡಿ ಹನ್ನೆರಡು ವರ್ಷ.

ಮೆಫ್ಲೋಕ್ವಿನ್ ವಾರಕ್ಕೊಂದು ಮಾತ್ರೆ, ದೀರ್ಘಕಾಲ ಇರುವವರಿಗೆ ಹಗುರ, ಬಸುರಿಯರಿಗೂ ಕೊಡಬಹುದಾದ್ದು. ಕನಿಷ್ಠ ಎರಡು ವಾರ ಮುಂಚೆ ಶುರು, ಬಂದ ಮೇಲೆ ನಾಲ್ಕು ವಾರ. ಇದರ ಕಷ್ಟ ಮನಸ್ಸಿನ ಮೇಲೆ: ಕೆಟ್ಟ ಕನಸು, ಕಳವಳ, ಖಿನ್ನತೆ, ತಲೆಸುತ್ತು. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದರ ಪೊಟ್ಟಣದ ಮೇಲೆ ಅತಿ ಕಠಿಣ ಎಚ್ಚರಿಕೆ ಹಾಕಿಸಿತು. ಮೂರ್ಛೆರೋಗ, ಮಾನಸಿಕ ಕಾಯಿಲೆಯ ಇತಿಹಾಸ ಇದ್ದರೆ ಮುಚ್ಚಿಡದೆ ಹೇಳಿ. ಆಗ್ನೇಯ ಏಷ್ಯಾದ ಕೆಲ ಗಡಿಭಾಗಗಳಲ್ಲಿ ಮಲೇರಿಯಾ ತರುವ ಪರಾವಲಂಬಿ ಇದಕ್ಕೆ ಬಗ್ಗುವುದಿಲ್ಲ.

ಕ್ಲೋರೋಕ್ವಿನ್ ಹೆಸರು ಎಲ್ಲರಿಗೂ ಗೊತ್ತು, ಹಾಗಾಗಿ ಮನೆಯಲ್ಲಿ ಉಳಿದ ಮಾತ್ರೆ ತಗೊಂಡು ಹೊರಡುವವರಿದ್ದಾರೆ. ಫಾಲ್ಸಿಪೇರಂ ಎಂಬ ಮಾರಕ ಬಗೆಯ ಮಲೇರಿಯಾ ಪರಾವಲಂಬಿ ಬಹುತೇಕ ಕಡೆ ಇದಕ್ಕೆ ಜಗ್ಗದು. ಪ್ರೈಮಾಕ್ವಿನ್ ಮತ್ತು 2018ರಲ್ಲಿ ಅನುಮತಿ ಪಡೆದ ಟಫೆನೋಕ್ವಿನ್‌ಗೆ ಯಕೃತ್ತಿನಲ್ಲಿ ಅಡಗುವ ವೈವಾಕ್ಸ್ ಎಂಬ ಇನ್ನೊಂದು ಬಗೆಯ ಪರಾವಲಂಬಿಯನ್ನೂ ಹೊಡೆಯುವ ಗುಣವಿದೆ. ಆದರೆ ಮೊದಲು ಜಿ6ಪಿಡಿ ಎಂಬ ಕಿಣ್ವದ ರಕ್ತಪರೀಕ್ಷೆ ಆಗಲೇಬೇಕು. ಆ ಕಿಣ್ವದ ಕೊರತೆ ಇದ್ದವರಲ್ಲಿ ಇವು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಯಾವ ಮಾತ್ರೆಯೂ ಪೂರ್ಣ ರಕ್ಷಣೆಯಲ್ಲ. ಡೆಂಗಿಗಂತೂ ಇವು ಏನೂ ಮಾಡವು. ಹಾಗಾಗಿ ಮಾತ್ರೆ ಇದ್ದರೂ ಪರದೆ, ಕ್ರೀಮ್ ಬೇಕು.

ಲಸಿಕೆ ಬಂದಿದೆಯಂತಲ್ಲ ಎನ್ನುವವರಿಗೆ: ಹೌದು. ವಿಶ್ವ ಆರೋಗ್ಯ ಸಂಸ್ಥೆ ಆರ್‌ಟಿಎಸ್,ಎಸ್ ಲಸಿಕೆಯನ್ನು 2021ರಲ್ಲಿ, ಆರ್21 ಲಸಿಕೆಯನ್ನು 2023ರಲ್ಲಿ ಶಿಫಾರಸು ಮಾಡಿತು. ಎರಡೂ ಮಲೇರಿಯಾ ಪ್ರದೇಶದಲ್ಲಿ ಬೆಳೆಯುವ ಎಳೆಯ ಮಕ್ಕಳಿಗೆ, ಐದು ತಿಂಗಳ ವಯಸ್ಸಿನಿಂದ ನಾಲ್ಕು ಡೋಸ್. ಪ್ರವಾಸಿಗರಿಗೆ ಅಲ್ಲ.

ನೀರು

ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ಬಿಸಿ ಹವೆಯಲ್ಲಿ ವಾರ, ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ನೀರು ಚೆಲ್ಲಿ ಎನ್ನುವುದು. ಅನಾಫಿಲಿಸ್ ಎಂದರೆ ಗದ್ದೆ, ಹೊಂಡ, ಹಳ್ಳದ ಸೊಳ್ಳೆ ಎಂಬುದು ಅರ್ಧ ಸತ್ಯ. ಅನಾಫಿಲಿಸ್ ಸ್ಟೀಫನ್ಸಿ ಎಂಬ ಜಾತಿ ಪಟ್ಟಣದ ಓವರ್‌ಹೆಡ್ ಟ್ಯಾಂಕ್, ಕಟ್ಟಡ ಕಾಮಗಾರಿಯ ನೀರಿನಲ್ಲೇ ಸಂಸಾರ ಹೂಡುತ್ತದೆ. 2012ರಲ್ಲಿ ಜಿಬೂಟಿಯಲ್ಲಿ ಕಂಡ ಮೇಲೆ ಆಫ್ರಿಕಾದ ನಗರಗಳಲ್ಲೂ ಹರಡುತ್ತಿದೆ. ಟ್ಯಾಂಕಿನ ಮುಚ್ಚಳ ಬಿಗಿಯಾಗಿದೆಯೇ, ಓವರ್‌ಫ್ಲೋ ಪೈಪಿನ ಬಾಯಿಗೆ ಜಾಲರಿ ಇದೆಯೇ ನೋಡಿ. ಇದು ನಿಮ್ಮ ಮನೆಯೊಂದರಿಂದ ಆಗುವ ಕೆಲಸವಲ್ಲ, ಬೀದಿಯವರೆಲ್ಲ ಮಾಡಬೇಕು. ಹಾಗಾಗಿಯೇ ಪರದೆಯನ್ನು ಇದಕ್ಕಾಗಿ ಕಾಯಿಸಬೇಡಿ.

ಹಾಗಾದರೆ ನಿಮಗೆ ಯಾವುದು

ಕೈಯಲ್ಲಿ ದುಡ್ಡು ಕಡಿಮೆ, ಒಂದನ್ನು ಮಾತ್ರ ಕೊಳ್ಳಬಹುದು ಎಂದಾದರೆ ಲೇಪಿತ ಪರದೆ. ಮನೆಯಲ್ಲಿ ಪರದೆ ಎಲ್ಲರಿಗೂ ಸಾಲದಿದ್ದರೆ ಮೊದಲ ಹಕ್ಕು ಐದು ವರ್ಷದೊಳಗಿನ ಮಕ್ಕಳಿಗೆ ಮತ್ತು ಬಸುರಿಗೆ. ಈ ಇಬ್ಬರಿಗೂ ಮಲೇರಿಯಾ ಬಂದರೆ ಬೇಗ ಕೈಮೀರುತ್ತದೆ, ಮೇಲಾಗಿ ಬಸುರಿಯರ ಕಡೆಗೆ ಸೊಳ್ಳೆ ಹೆಚ್ಚು ಸೆಳೆಯಲ್ಪಡುತ್ತದೆ.

ಎರಡು ತಿಂಗಳೊಳಗಿನ ಕೂಸಿಗೆ ಕ್ರೀಮ್, ಬತ್ತಿ, ಲಿಕ್ವಿಡ್ ಎಲ್ಲ ಬಿಟ್ಟು ತೊಟ್ಟಿಲಿಗೆ ಪೂರ್ತಿ ಮುಚ್ಚುವ ಪರದೆ ಒಂದೇ. ಉಬ್ಬಸದವರಿರುವ ಮನೆಗೆ ಪರದೆ ಮತ್ತು ಕಿಟಕಿ ಜಾಲರಿ, ಉರಿಯುವ ವಸ್ತು ಯಾವುದೂ ಬೇಡ. ರಾತ್ರಿಪಾಳಿಯ ಕಾವಲುಗಾರ, ಹೊಲಕ್ಕೆ ನೀರು ಹಾಯಿಸುವವರು, ಲಾರಿ ಚಾಲಕರಿಗೆ ಪರದೆ ಕೈಕೊಡುತ್ತದೆ. ಇವರು ಪಿಕಾರಿಡಿನ್ ಅಥವಾ ಡೀಟ್‌ಗೆ, ತುಂಬುತೋಳಿನ ಬಟ್ಟೆಗೆ ದುಡ್ಡು ಹಾಕಲಿ. ಸಂಜೆ ಮನೆಯೊಳಗೇ ಇರುವವರಿಗೆ ಜಾಲರಿ ಬಿಗಿಯಾಗಿದ್ದರೆ ಲಿಕ್ವಿಡ್ ಕೂಡ ಬೇಕಾಗದಿರಬಹುದು.

ವಾರದ ಪ್ರವಾಸಕ್ಕೆ ಹೊರಟವರು ಒಂದೇ ಕೊಕ್ಕೆಯ ಲೇಪಿತ ಪರದೆ, ಶೇ. 20 ಪಿಕಾರಿಡಿನ್ ಅಥವಾ ಶೇ. 30 ಡೀಟ್, ವೈದ್ಯರು ಹೇಳಿದರೆ ಅಟೊವಾಕ್ವೋನ್-ಪ್ರೊಗ್ವಾನಿಲ್ ಇಟ್ಟುಕೊಳ್ಳಲಿ. ಖರ್ಚು ಇಳಿಸಬೇಕೆಂದರೆ ಮಾತ್ರೆಯಲ್ಲಿ ಡಾಕ್ಸಿಸೈಕ್ಲಿನ್‌ಗೆ ಇಳಿಯಿರಿ, ಪರದೆಯಲ್ಲಿ ಬೇಡ. ತಿಂಗಳುಗಟ್ಟಲೆ ಕೆಲಸಕ್ಕೆ ಹೋಗುವವರು ವಾರದ ಮಾತ್ರೆಯ ಬಗ್ಗೆ ಕೇಳಿ, ಹೊರಡುವ ಮೂರು ವಾರ ಮುಂಚೆಯೇ ಶುರುಮಾಡಿ, ಮೈಗೆ ಒಗ್ಗದಿದ್ದರೆ ಬದಲಿಸಲು ಸಮಯ ಇರುತ್ತದೆ.

ಇಷ್ಟೆಲ್ಲ ಮಾಡಿಯೂ ಜ್ವರ ಬಂದರೆ

ಕಚ್ಚಿದ ಏಳು ದಿನದೊಳಗೆ ಮಲೇರಿಯಾ ಜ್ವರ ಬರುವುದಿಲ್ಲ. ಫಾಲ್ಸಿಪೇರಂ ಹೆಚ್ಚಾಗಿ ಮೂರು ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ. ವೈವಾಕ್ಸ್ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳು ಕಳೆದು, ಕೆಲವೊಮ್ಮೆ ವರ್ಷ ದಾಟಿ ಏಳುತ್ತದೆ. ಹಾಗಾಗಿ ಮಲೇರಿಯಾ ಇರುವ ಕಡೆ ಹೋಗಿ ಬಂದ ವರ್ಷದೊಳಗೆ ಯಾವ ಜ್ವರ ಬಂದರೂ, ಚಳಿ ಇರಲಿ ಬಿಡಲಿ, ಅದೇ ದಿನ ರಕ್ತಪರೀಕ್ಷೆ ಮಾಡಿಸಿ, ಎಲ್ಲಿಗೆ ಯಾವಾಗ ಹೋಗಿದ್ದಿರಿ ಎಂದು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಮೊದಲ ಪರೀಕ್ಷೆಯಲ್ಲಿ ಸಿಗಲಿಲ್ಲವೆಂದು ಸುಮ್ಮನಾಗಬಾರದು. ಜ್ವರ ಬಿಡದಿದ್ದರೆ 12ರಿಂದ 24 ಗಂಟೆಯ ಅಂತರದಲ್ಲಿ ಇನ್ನೂ ಎರಡು ಸಲ ಪರೀಕ್ಷೆ ಆಗಬೇಕು. ತಡೆಮಾತ್ರೆ ನುಂಗುತ್ತಿದ್ದರೆ ಅದರ ಹೆಸರನ್ನೂ ತಿಳಿಸಿ, ಚಿಕಿತ್ಸೆಗೆ ಅದೇ ಔಷಧವನ್ನು ಕೊಡುವುದಿಲ್ಲ.